ಬ್ರಿಟನ್ನಿನಲ್ಲಿ ಕೊಂಡ ಡಿಜಿಟಲ್ ರೇಡಿಯೊ ಮನೆಯೊಳಗೆ ಸರಿಯಾಗಿ ಕೇಳಿಸುತ್ತದೆಯೇ, ಮೈಸೂರಿಗೆ ಒಯ್ದರೆ ಉಪಯೋಗಕ್ಕೆ ಬರುತ್ತದೆಯೇ?

ಪ್ರಶ್ನೆ: ಲೆಸ್ಟರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಮೈಸೂರಿನಿಂದ ಬಂದು ಈಗ ಲೆಸ್ಟರ್‌ನಲ್ಲಿ ನಮ್ಮೊಡನೆ ಇದ್ದಾರೆ. ಚಳಿಗಾಲ ಆರಂಭವಾಗುವ ಹೊತ್ತಿಗೆ ಊರಿಗೆ ಮರಳುತ್ತಾರೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವರಿಗೆ ಇಲ್ಲಿನ ಸುದ್ದಿ, ಚರ್ಚೆ, ನಾಟಕ ಮತ್ತು ಕ್ರಿಕೆಟ್ ವೀಕ್ಷಕ ವಿವರಣೆಯನ್ನು ರೇಡಿಯೊದಲ್ಲಿ ಕೇಳುವುದೆಂದರೆ ಬಹಳ ಇಷ್ಟ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಅವರೊಬ್ಬರೇ ಮನೆಯಲ್ಲಿರುವುದರಿಂದ, ಅವರಿಗೊಂದು ಒಳ್ಳೆಯ ರೇಡಿಯೊ ಒದಗಿಸುವುದು ನನಗೆ ಸಣ್ಣ ವಿಷಯವಾಗಿ ಕಾಣುತ್ತಿಲ್ಲ. ಫೋನಿನಲ್ಲಿ ಆ್ಯಪ್ ತೆರೆದು ಕೇಳುವುದು ಅವರಿಗೆ ಒಗ್ಗಿಲ್ಲ. ಗುಂಡಿ ಒತ್ತಿದರೆ ದನಿ ಬರಬೇಕು, ಅಡುಗೆಮನೆಯಿಂದ ಮಲಗುವ ಕೋಣೆಗೆ, ಬಿಸಿಲಿದ್ದ ದಿನ ಹಿತ್ತಿಲಿಗೆ ಕೈಯಲ್ಲಿ ಎತ್ತಿಕೊಂಡು ಹೋಗುವಂತಿರಬೇಕು.

ನಮ್ಮದು ಹಳೆಯ ಇಟ್ಟಿಗೆಯ ಸಾಲುಮನೆ. ಅಡುಗೆಮನೆ ಹಿಂಬದಿಗೆ ಚಾಚಿಕೊಂಡಿದೆ. ಈಗಿರುವ ಸಣ್ಣ ಎಫ್ಎಂ ರೇಡಿಯೊ ಅಲ್ಲಿ ಸದಾ ಕರಕರ ಎನ್ನುತ್ತದೆ. ಡಿಜಿಟಲ್ ರೇಡಿಯೊ ಕೊಂಡರೆ ಈ ತೊಂದರೆ ತಪ್ಪುತ್ತದೆ ಎಂದು ಒಬ್ಬರು, ಸಿಗ್ನಲ್ ಕಡಿಮೆಯಾದರೆ ಅದು ಪೂರ್ತಿ ಬಾಯಿ ಮುಚ್ಚಿಬಿಡುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಅಂಗಡಿಯಲ್ಲಿ ಕೆಲವು ಪೆಟ್ಟಿಗೆಗಳ ಮೇಲೆ ಡಿಎಬಿ ಎಂದೂ ಕೆಲವುಗಳ ಮೇಲೆ ಡಿಎಬಿ ಪ್ಲಸ್ ಎಂದೂ ಬರೆದಿರುತ್ತದೆ. ಇವುಗಳ ವ್ಯತ್ಯಾಸವೇನು? ಬ್ಯಾಟರಿ ಎಷ್ಟರ ಮಟ್ಟಿಗೆ ಬಾಳಿಕೆ ಬರುತ್ತದೆ? ನಮ್ಮಲ್ಲಿ ಟಿವಿ ಇಲ್ಲ, ಹೀಗಾಗಿ ಟಿವಿ ಲೈಸೆನ್ಸ್ ತೆಗೆದುಕೊಂಡಿಲ್ಲ. ರೇಡಿಯೊ ಕೇಳಲು ಅದು ಬೇಕಾಗುತ್ತದೆಯೇ? ಕೊನೆಯದಾಗಿ, ಹಿಂದಿರುಗುವಾಗ ಅತ್ತೆಯವರು ಇದನ್ನು ತಮ್ಮೊಡನೆ ಮೈಸೂರಿಗೆ ಒಯ್ದರೆ ಅಲ್ಲಿ ಕೆಲಸ ಮಾಡುತ್ತದೆಯೇ? ಇದನ್ನು ಮನೆಯಲ್ಲಿ ನಿತ್ಯ ಬಳಸುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ರೆಡಿಂಗ್ ಕನ್ನಡಿಗ

ನಮಸ್ಕಾರ. ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದು ಹೇಗೆಂದು ತಿಳಿದುಕೊಂಡರೆ ರೇಡಿಯೊ ಆರಿಸುವುದೂ ಅದನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂದು ನಿರ್ಧರಿಸುವುದೂ ಸುಲಭವಾಗುತ್ತದೆ.

ಬ್ರಿಟನ್ನಿನಲ್ಲಿ ಡಿಜಿಟಲ್ ರೇಡಿಯೊ ಎಂದರೆ ಡಿಎಬಿ. ಬಿಬಿಸಿ ಇದರ ಪ್ರಸಾರವನ್ನು 1995ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿತು. ದೇಶವ್ಯಾಪಿ ಖಾಸಗಿ ಡಿಜಿಟಲ್ ಪ್ರಸಾರ 1999ರ ನವೆಂಬರ್‌ನಲ್ಲಿ ಶುರುವಾಯಿತು. ಎಫ್ಎಂನಲ್ಲಿ ಒಂದೊಂದು ಸ್ಟೇಷನ್ನಿಗೆ ಒಂದೊಂದು ತರಂಗಾಂತರ ಇರುತ್ತದೆ. ಡಿಎಬಿಯಲ್ಲಿ ಹಾಗಿಲ್ಲ, ಹಲವು ಸ್ಟೇಷನ್ನುಗಳನ್ನು ಮಲ್ಟಿಪ್ಲೆಕ್ಸ್ ಎಂಬ ಒಂದೇ ಕಂತೆಯಾಗಿ ಕಟ್ಟಿ, ಸುಮಾರು 1.5 ಮೆಗಾಹರ್ಟ್ಸ್ ಅಗಲದ ಜಾಗದಲ್ಲಿ ಒಟ್ಟಿಗೆ ಬಿತ್ತರಿಸುತ್ತಾರೆ. ಬಿಬಿಸಿಯ ದೇಶವ್ಯಾಪಿ ಕಂತೆ 225.648 ಮೆಗಾಹರ್ಟ್ಸ್‌ನಲ್ಲಿದೆ. ನಿಮ್ಮ ಅತ್ತೆಯವರು ಕೇಳಬಯಸುವ ರೇಡಿಯೊ 4, ಹಳೆಯ ನಾಟಕಗಳು ಬರುವ ರೇಡಿಯೊ 4 ಎಕ್ಸ್‌ಟ್ರಾ, ವರ್ಲ್ಡ್ ಸರ್ವಿಸ್, ಏಷ್ಯನ್ ನೆಟ್‌ವರ್ಕ್, ಟೆಸ್ಟ್ ಪಂದ್ಯಗಳ ವಿವರಣೆ ಬರುವ 5 ಸ್ಪೋರ್ಟ್ಸ್ ಎಕ್ಸ್‌ಟ್ರಾ, ಇವೆಲ್ಲವೂ ಇದೇ ಕಂತೆಯಲ್ಲಿವೆ. ಆದ್ದರಿಂದ ನಿಮ್ಮ ಮನೆಯಲ್ಲಿ ಇವುಗಳಲ್ಲಿ ಒಂದು ಸ್ಪಷ್ಟವಾಗಿ ಕೇಳಿಸಿದರೆ ಉಳಿದವೂ ಕೇಳಿಸುತ್ತವೆ ಎಂದು ನಂಬಬಹುದು.

ಇಟ್ಟಿಗೆಯ ಮನೆಗೆ ಡಿಎಬಿ ಹೊಂದುವುದಕ್ಕೆ ಒಂದು ಒಳ್ಳೆಯ ಕಾರಣವಿದೆ. ಗೋಡೆಗಳಿಗೆ, ಎದುರು ಮನೆಗಳಿಗೆ ತಾಗಿ ಪ್ರತಿಫಲಿಸಿ ಬರುವ ತರಂಗಗಳು ನೇರವಾಗಿ ಬಂದ ತರಂಗದ ಜೊತೆ ಕಲಸಿಕೊಂಡಾಗ ಎಫ್ಎಂ ದನಿ ಒಡೆಯುತ್ತದೆ. ಡಿಎಬಿಯಲ್ಲಿ ಮಾಹಿತಿಯ ಪ್ರತಿ ತುಣುಕಿನ ಮುಂದೆ 246 ಮೈಕ್ರೋಸೆಕೆಂಡುಗಳ ಬಿಡುವು ಇಟ್ಟಿರುತ್ತಾರೆ. ಅಷ್ಟು ಹೊತ್ತಿನಲ್ಲಿ ತರಂಗ ಸುಮಾರು 74 ಕಿಲೋಮೀಟರ್ ಸಾಗುತ್ತದೆ. ಆ ಮಿತಿಯೊಳಗೆ ತಡವಾಗಿ ಬಂದು ಸೇರುವ ಪ್ರತಿಫಲನಗಳು ಹಾನಿ ಮಾಡುವ ಬದಲು ಬಲ ಕೂಡಿಸುತ್ತವೆ. ದೂರದೂರದ ಗೋಪುರಗಳೆಲ್ಲ ಒಂದೇ ತರಂಗಾಂತರದಲ್ಲಿ ಪ್ರಸಾರ ಮಾಡಲು ಸಾಧ್ಯವಾಗಿರುವುದೂ ಇದೇ ಉಪಾಯದಿಂದ. ಈ ತಂತ್ರವನ್ನು ಯೋಚಿಸಿದವರ ಬುದ್ಧಿವಂತಿಕೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಎರಡನೆಯವರ ಮಾತೂ ನಿಜ. ಎಫ್ಎಂನಲ್ಲಿ ಸಿಗ್ನಲ್ ಕುಗ್ಗಿದಂತೆಲ್ಲ ಗದ್ದಲ ಹೆಚ್ಚುತ್ತದೆ, ಆದರೂ ಮಾತು ಅರ್ಥವಾಗುತ್ತಿರುತ್ತದೆ. ಡಿಎಬಿ ಒಂದು ಮಟ್ಟದವರೆಗೆ ಯಾವ ಕುಂದೂ ಇಲ್ಲದೆ ನುಡಿಯುತ್ತದೆ. ಆ ಮಟ್ಟಕ್ಕಿಂತ ಸ್ವಲ್ಪ ಇಳಿದರೆ ನೀರಿನಲ್ಲಿ ಮುಳುಗಿಸಿದ ಚೊಂಬಿನಂತೆ ಗುಳುಗುಳು ಎನ್ನುತ್ತದೆ, ಇನ್ನೂ ಇಳಿದರೆ ಮೌನವಾಗುತ್ತದೆ. ಹಾಗಾಗಿ ಇಡುವ ಜಾಗ ಬಹಳ ಮುಖ್ಯ. ರೇಡಿಯೊವನ್ನು ಸಾಧ್ಯವಾದಷ್ಟು ಕಿಟಕಿಯ ಬಳಿ, ಎತ್ತರದಲ್ಲಿ ಇಡಿ. ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿ, ಏಕೆಂದರೆ ಇಲ್ಲಿನ ಡಿಎಬಿ ತರಂಗಗಳು ಲಂಬವಾಗಿ ಕಂಪಿಸುತ್ತವೆ. ಈ ತರಂಗದ ಕಾಲುಭಾಗದ ಉದ್ದ ಸುಮಾರು 33 ಸೆಂಟಿಮೀಟರ್. ಆಂಟೆನಾವನ್ನು ಅಷ್ಟು ಎಳೆದರೆ ಸಾಕು. ಎಫ್ಎಂ ಕೇಳುವಾಗ ಪೂರ್ತಿ ಎಳೆಯಬೇಕು. ಗೋಡೆಯೊಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಶಾಖ ನಿರೋಧಕ ಫಲಕಗಳಿದ್ದರೆ, ಇಲ್ಲವೇ ಕಿಟಕಿಯ ಗಾಜಿಗೆ ಶಾಖ ತಡೆಯುವ ಲೋಹದ ಲೇಪನವಿದ್ದರೆ ಸಿಗ್ನಲ್ ಗಣನೀಯವಾಗಿ ಕುಗ್ಗುತ್ತದೆ. ಬಹುತೇಕ ರೇಡಿಯೊಗಳ ಮೆನುವಿನಲ್ಲಿ ಸಿಗ್ನಲ್ಲಿನ ಬಲವನ್ನು ತೋರಿಸುವ ಪಟ್ಟಿ ಇರುತ್ತದೆ. ಅದನ್ನು ನೋಡುತ್ತಾ ರೇಡಿಯೊವನ್ನು ಒಂದೆರಡು ಅಡಿ ಅತ್ತಿತ್ತ ಸರಿಸಿದರೆ ಒಳ್ಳೆಯ ಜಾಗ ಸಿಕ್ಕೇ ಸಿಗುತ್ತದೆ.

ಡಿಎಬಿ ಪ್ಲಸ್ ಎಂಬುದು 2007ರಲ್ಲಿ ಬಂದ ಸುಧಾರಿತ ರೂಪ. ಧ್ವನಿಯನ್ನು ಅಡಕಗೊಳಿಸುವ ಹೊಸ ವಿಧಾನದಿಂದಾಗಿ ಅದೇ ಜಾಗದಲ್ಲಿ ಹೆಚ್ಚು ಸ್ಟೇಷನ್ನುಗಳು ಹಿಡಿಯುತ್ತವೆ. ಬಿಬಿಸಿಯ ದೇಶವ್ಯಾಪಿ ಸ್ಟೇಷನ್ನುಗಳಲ್ಲಿ ಹೆಚ್ಚಿನವು ಹಳೆಯ ಡಿಎಬಿಯಲ್ಲಿಯೇ ಬರುತ್ತಿದ್ದರೂ ಖಾಸಗಿ ಸ್ಟೇಷನ್ನುಗಳಲ್ಲಿ ಅನೇಕವು ಡಿಎಬಿ ಪ್ಲಸ್‌ಗೆ ಹೋಗಿವೆ. ಹೊಸ ರೇಡಿಯೊ ಎರಡನ್ನೂ ಹಿಡಿಯುತ್ತದೆ. ಎಚ್ಚರ ಬೇಕಾದದ್ದು ಚಾರಿಟಿ ಅಂಗಡಿಗಳಲ್ಲಿ ಸಿಗುವ ಹಳೆಯ ಸೆಟ್ಟುಗಳ ವಿಷಯದಲ್ಲಿ. 2002ರಲ್ಲಿ 99 ಪೌಂಡಿಗೆ ಬಂದು ಮನೆಮಾತಾದ ಪ್ಯೂರ್ ಎವೋಕ್-1 ನೋಡಲು ಸುಂದರ, ದನಿಯೂ ಚೆನ್ನ, ಆದರೆ ಡಿಎಬಿ ಪ್ಲಸ್ ಅದಕ್ಕೆ ಹಿಡಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಡಿಜಿಟಲ್ ಟಿಕ್ ಗುರುತು ಇದ್ದರೆ ಡಿಎಬಿ, ಡಿಎಬಿ ಪ್ಲಸ್ ಮತ್ತು ಎಫ್ಎಂ ಮೂರೂ ಇವೆ ಎಂದು ತಿಳಿಯಿರಿ.

ಉತ್ತರ 2: ಶೆಫೀಲ್ಡ್‌ನಿಂದ ಒಬ್ಬ ಗೃಹಿಣಿ

ಮೇಲಿನವರು ಸಿಗ್ನಲ್ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದಾರೆ. ನಮ್ಮ ಮನೆಯಲ್ಲಿಯೂ ಹಿರಿಯರಿದ್ದಾರೆ. ದಿನವೂ ಬಳಸುವವರ ಅನುಕೂಲದ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಲೈಸೆನ್ಸ್ ಬಗ್ಗೆ ಚಿಂತಿಸಬೇಡಿ. ಬ್ರಿಟನ್ನಿನಲ್ಲಿ ರೇಡಿಯೊ ಲೈಸೆನ್ಸನ್ನು 1971ರಲ್ಲಿಯೇ ರದ್ದು ಮಾಡಿದ್ದಾರೆ. ಬರಿಯ ರೇಡಿಯೊ ಕೇಳುವವರಿಗೆ ಟಿವಿ ಲೈಸೆನ್ಸ್ ಬೇಕಿಲ್ಲ.

ಬ್ಯಾಟರಿಯ ವಿಷಯಕ್ಕೆ ಬರೋಣ. ಡಿಜಿಟಲ್ ಸಿಗ್ನಲ್ಲನ್ನು ಬಿಡಿಸಿ ಧ್ವನಿಯಾಗಿಸುವ ಚಿಪ್ಪಿಗೆ ವಿದ್ಯುತ್ ಹೆಚ್ಚು ಬೇಕಾಗುವುದರಿಂದ, ಹಿಂದಿನ ಟ್ರಾನ್ಸಿಸ್ಟರ್ ರೇಡಿಯೊಗಳ ಹಾಗೆ ಒಮ್ಮೆ ಸೆಲ್ ಹಾಕಿ ತಿಂಗಳುಗಟ್ಟಲೆ ಮರೆತುಬಿಡುವುದು ಸಾಧ್ಯವಿಲ್ಲ. ದಿನವಿಡೀ ಕೇಳುವವರು ಪ್ರತಿ ವಾರ ಹೊಸ ಸೆಲ್ ಕೊಂಡರೆ ವರ್ಷದೊಳಗೆ ಸೆಲ್ಲುಗಳ ಖರ್ಚೇ ರೇಡಿಯೊದ ಬೆಲೆಯನ್ನು ಮೀರುತ್ತದೆ. ಆದ್ದರಿಂದ ಒಳಗೇ ಚಾರ್ಜ್ ಆಗುವ ಬ್ಯಾಟರಿ ಇರುವುದನ್ನೋ ಮರುಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳನ್ನು ಹಾಕಬಹುದಾದದ್ದನ್ನೋ ಆರಿಸಿ. ಕೆಲವು ರೇಡಿಯೊಗಳ ಬ್ಯಾಟರಿ ಗೂಡಿನೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಹಾಕಿರುವುದು ಸಾಮಾನ್ಯ ಆಲ್ಕಲೈನ್ ಸೆಲ್ಲೋ ಮರುಚಾರ್ಜ್ ಆಗುವ ಸೆಲ್ಲೋ ಎಂಬುದನ್ನು ಅದರಲ್ಲಿ ಸೂಚಿಸಬೇಕು. ಆಲ್ಕಲೈನ್ ಸೆಲ್ಲುಗಳನ್ನು ಹಾಕಿ ಸ್ವಿಚ್ಚನ್ನು ಚಾರ್ಜಿಂಗ್ ಕಡೆಗೆ ಬಿಟ್ಟರೆ ಅವು ಸೋರಿ ರೇಡಿಯೊವನ್ನೇ ಕೆಡಿಸಬಹುದು. ಈ ಎಚ್ಚರಿಕೆ ಕೈಪಿಡಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ, ಹಿರಿಯರು ಅದನ್ನು ಓದುವುದಿಲ್ಲ. ಮನೆಯವರೇ ಒಮ್ಮೆ ನೋಡಿ ಸರಿಪಡಿಸಿಡಬೇಕು. ಅಡುಗೆಮನೆಯಲ್ಲಿ ಇರುವಷ್ಟು ಹೊತ್ತು ಪ್ಲಗ್ಗಿಗೆ ಸಿಕ್ಕಿಸಿಯೇ ಇಟ್ಟು, ಹಿತ್ತಿಲಿಗೆ ಹೋಗುವಾಗ ಮಾತ್ರ ಬ್ಯಾಟರಿಯಲ್ಲಿ ಬಳಸುವುದು ನಾವು ಕಂಡುಕೊಂಡ ಒಳ್ಳೆಯ ಕ್ರಮ.

ಕೊಳ್ಳುವಾಗ ಬೆಲೆಗಿಂತ ಗುಂಡಿಗಳನ್ನು ನೋಡಿ. 30 ಪೌಂಡಿನಿಂದ 150 ಪೌಂಡಿನವರೆಗೆ ರೇಡಿಯೊಗಳು ಸಿಗುತ್ತವೆ, ಆದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಹಿರಿಯರಿಗೆ ಬಳಸಲು ಸುಲಭವೆಂದಲ್ಲ. ನೆಚ್ಚಿನ ಸ್ಟೇಷನ್ನುಗಳಿಗಾಗಿ ಮುಂಭಾಗದಲ್ಲಿ ಪ್ರತ್ಯೇಕ ಗುಂಡಿಗಳಿರಬೇಕು, ದನಿ ಏರಿಸಲು ತಿರುಗಿಸುವ ದಪ್ಪ ಗುಂಡಿ ಇರಬೇಕು, ಪರದೆಯ ಅಕ್ಷರಗಳು ಕನ್ನಡಕವಿಲ್ಲದೆಯೂ ಕಾಣುವಂತಿರಬೇಕು. ಮೆನುವಿನೊಳಗೆ ಹೊಕ್ಕು ಸ್ಟೇಷನ್ ಹುಡುಕುವ ಸೆಟ್ಟುಗಳನ್ನು ಎಷ್ಟು ಅಂದವಾಗಿದ್ದರೂ ಬಿಟ್ಟುಬಿಡಿ. ಸ್ಟೀರಿಯೊ ಬೇಕೇ ಎಂದು ಅಂಗಡಿಯವರು ಕೇಳುತ್ತಾರೆ. ಮಾತಿನ ಕಾರ್ಯಕ್ರಮಗಳನ್ನೇ ಹೆಚ್ಚು ಕೇಳುವವರಿಗೆ ಒಂದೇ ಸ್ಪೀಕರ್ ಇರುವ ಒಳ್ಳೆಯ ಸೆಟ್ಟು ಸಾಕು. ನಾವು ಮನೆ ಬದಲಿಸಿದಾಗ ನಮ್ಮ ಮಾವನವರ ರೇಡಿಯೊದಲ್ಲಿ ಸ್ಥಳೀಯ ಸ್ಟೇಷನ್ನುಗಳು ಮಾಯವಾಗಿದ್ದವು. ಹೊಸ ಊರಿನಲ್ಲಿ ಸ್ಟೇಷನ್ನುಗಳ ಪೂರ್ಣ ಹುಡುಕಾಟವನ್ನು ಮತ್ತೊಮ್ಮೆ ನಡೆಸಿದ ಮೇಲೆ ಎಲ್ಲವೂ ಸರಿಯಾಯಿತು.

ಕಣ್ಣು ಕಾಣಿಸದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ಅವರಿಗಾಗಿ ಇನ್ನೊಂದು ಮಾತು: ಇಲ್ಲಿ ನೆಲೆಸಿರುವ ಅಂಧರಲ್ಲಿ ಅಗತ್ಯವಿರುವವರಿಗೆ ಸುಲಭವಾಗಿ ಬಳಸಬಹುದಾದ ರೇಡಿಯೊಗಳನ್ನು ಒದಗಿಸುವ ಬ್ರಿಟಿಷ್ ವೈರ್‌ಲೆಸ್ ಫಾರ್ ದ ಬ್ಲೈಂಡ್ ಫಂಡ್ ಎಂಬ ದತ್ತಿ ಸಂಸ್ಥೆಯಿದೆ.

ಉತ್ತರ 3: ಮೈಸೂರಿನ ಬಾನುಲಿ ಕೇಳುಗ

ಊರಿಗೆ ಒಯ್ಯುವ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಭಾರತದಲ್ಲಿ ಡಿಎಬಿ ಪ್ರಸಾರದ ಸೇವೆ ಇಲ್ಲ. ಆದ್ದರಿಂದ ಅಲ್ಲಿ ಕೊಂಡ ರೇಡಿಯೊದ ಡಿಜಿಟಲ್ ಭಾಗ ಇಲ್ಲಿ ಹುಡುಕಿ ಹುಡುಕಿ ಖಾಲಿ ಪಟ್ಟಿಯನ್ನೇ ತೋರಿಸುತ್ತದೆ. ಅದು ಕೆಟ್ಟಿದೆ ಎಂದು ಯಾರೂ ಗಾಬರಿಯಾಗಬೇಕಿಲ್ಲ.

ಆದರೆ ರೇಡಿಯೊ ವ್ಯರ್ಥವಾಗುವುದಿಲ್ಲ. ಅದರ ಎಫ್ಎಂ ಭಾಗ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಎಫ್ಎಂ ಪಟ್ಟಿ ಎರಡೂ ದೇಶಗಳಲ್ಲಿ ಒಂದೇ. ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಬೆಂಗಳೂರಿಗೆ ಹೋದಾಗ 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ, 100.1ರಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಅಮೃತವರ್ಷಿಣಿ ಇವೆ. ಒಂದು ಕೊರತೆಯನ್ನು ಮಾತ್ರ ಕೊಳ್ಳುವ ಮೊದಲೇ ತಿಳಿದಿರಬೇಕು: ಡಿಎಬಿ ರೇಡಿಯೊಗಳಲ್ಲಿ ಬಹುಪಾಲು ಸೆಟ್ಟುಗಳಿಗೆ ಮೀಡಿಯಂ ವೇವ್ ಇರುವುದೇ ಇಲ್ಲ. ಹಾಗಾಗಿ ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ನಿಲಯಗಳು ಅದರಲ್ಲಿ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಎಫ್ಎಂ ಗೋಪುರದಿಂದ ದೂರವಿರುವ ಹಳ್ಳಿಗಳ ಕೇಳುಗರಿಗೆ ಮೀಡಿಯಂ ವೇವ್ ಇಂದಿಗೂ ಆಸರೆ. ಅಂಥ ಊರಿಗೆ ಒಯ್ಯುವುದಾದರೆ ಈ ರೇಡಿಯೊ ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ ಎನ್ನುತ್ತೇನೆ. ಮೈಸೂರು ನಗರದಲ್ಲಿಯೇ ಇರುವವರಿಗೆ ಆ ಚಿಂತೆಯಿಲ್ಲ.

ಭಾರತದಲ್ಲಿ ಡಿಜಿಟಲ್ ರೇಡಿಯೊ ಇಲ್ಲವೆಂದು ಇದರ ಅರ್ಥವಲ್ಲ. ಆಕಾಶವಾಣಿ ಆರಿಸಿಕೊಂಡಿರುವುದು ಡಿಆರ್‌ಎಂ ಎಂಬ ಬೇರೆ ಪದ್ಧತಿಯನ್ನು. ಇದಕ್ಕಾಗಿ ದೇಶದ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಅಣಿಗೊಳಿಸಲಾಗಿದೆ. ಬೆಂಗಳೂರಿನ 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಅವುಗಳಲ್ಲೊಂದು. ತರಂಗವನ್ನು ಅನೇಕ ಸಣ್ಣ ಎಳೆಗಳಾಗಿ ಹಂಚಿ ಕಳುಹಿಸುವ ಮೂಲ ತಂತ್ರ ಎರಡರಲ್ಲೂ ಒಂದೇ ಬಗೆಯದು. ಆದರೆ ಡಿಎಬಿಗೆ ಒಂದೂವರೆ ಮೆಗಾಹರ್ಟ್ಸ್ ಅಗಲ ಬೇಕಾದರೆ, ಮೀಡಿಯಂ ವೇವ್‌ನ ಡಿಆರ್‌ಎಂ ಸುಮಾರು 10 ಕಿಲೋಹರ್ಟ್ಸ್‌ನಷ್ಟು ಕಿರಿದಾದ ಜಾಗದಲ್ಲಿ ಕೆಲಸ ಮುಗಿಸುತ್ತದೆ. ಎಫ್ಎಂಗಿಂತ ಬಹಳ ದೂರ ತಲುಪುತ್ತದೆ, ಮೀಡಿಯಂ ವೇವ್‌ನ ಹಳೆಯ ಗೊರಗೊರ ಇರುವುದಿಲ್ಲ. ನಮ್ಮಷ್ಟು ವಿಸ್ತಾರವಾದ ದೇಶಕ್ಕೆ ಇದು ತಕ್ಕ ಆಯ್ಕೆಯೆಂದು ನಾನು ದೃಢವಾಗಿ ನಂಬಿದ್ದೇನೆ. ದುಃಖದ ಸಂಗತಿಯೆಂದರೆ, ಹೊಸ ಕಾರುಗಳಲ್ಲಿ ಇದನ್ನು ಹಿಡಿಯುವ ಸೆಟ್ಟುಗಳು ಬರುತ್ತಿದ್ದರೂ ಮನೆಯಲ್ಲಿ ಇಟ್ಟುಕೊಳ್ಳುವಂತಹ ಡಿಆರ್‌ಎಂ ರೇಡಿಯೊಗಳು ಅಂಗಡಿಗಳಲ್ಲಿ ಅಪರೂಪ, ಸಿಕ್ಕರೂ ದುಬಾರಿ. ಸಾಮಾನ್ಯ ಜನರ ಕೈಗೆಟುಕುವ ಬೆಲೆಯ ಸೆಟ್ಟು ಬರುವವರೆಗೂ ಗೋಪುರದಲ್ಲಿ ಎಷ್ಟು ಹಣ ಹೂಡಿದರೂ ಅದರ ಫಲ ಅಡುಗೆಮನೆಗೆ ತಲುಪುವುದಿಲ್ಲ.

ಲೆಸ್ಟರ್ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಸಲಹೆಯಂತೆ ಮುಂಭಾಗದಲ್ಲಿ ಗುಂಡಿಗಳಿರುವ, ಬ್ಲೂಟೂತ್ ಸೌಲಭ್ಯವೂ ಇರುವ ಒಂದು ಡಿಎಬಿ ಪ್ಲಸ್ ರೇಡಿಯೊ ತಂದಿದ್ದೇವೆ. ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ ರೇಡಿಯೊ 4 ಅತ್ಯಂತ ಸ್ವಚ್ಛವಾಗಿ ಬರುತ್ತಿದೆ. ಅತ್ತೆಯವರಿಗೆ ತುಂಬ ಸಂತೋಷವಾಗಿದೆ. ಎರಡು ಸಂದೇಹಗಳು ಉಳಿದಿವೆ. ಸಂಜೆ ಕಪಾಟಿನ ಕೆಳಗಿನ ಎಲ್‌ಇಡಿ ದೀಪಗಳನ್ನು ಹಾಕಿದಾಗ ದನಿ ಆಗಾಗ ಗುಳುಗುಳು ಎಂದು ತುಂಡಾಗುತ್ತದೆ. ಅಲ್ಲದೆ, ಮಹಡಿಯ ಕೋಣೆಯಲ್ಲಿ ಹಳೆಯ ಎಫ್ಎಂ ರೇಡಿಯೊವನ್ನು ಅದೇ ಸ್ಟೇಷನ್ನಿಗೆ ಹಾಕಿದರೆ ಅದರಲ್ಲಿ ಮಾತು ಮೊದಲು ಬಂದು, ಕೆಳಗಿನದರಲ್ಲಿ ಕೆಲವು ಕ್ಷಣ ತಡವಾಗಿ ಬರುತ್ತದೆ. ಇದು ಹೊಸ ಸೆಟ್ಟಿನ ದೋಷವೇ? ಹಿಂದಿರುಗಿಸಬೇಕೇ? ಜೊತೆಗೆ, ಮಧ್ಯಾಹ್ನದ ಹೊತ್ತು ಆಕಾಶವಾಣಿಯ ಸಂಗೀತವನ್ನು ಇದರಲ್ಲಿಯೇ ಕೇಳಿಸುವ ದಾರಿಯಿದ್ದರೆ ತಿಳಿಸಿ.

ರೆಡಿಂಗ್ ಕನ್ನಡಿಗ

ದಯವಿಟ್ಟು ಹಿಂದಿರುಗಿಸಬೇಡಿ, ಎರಡೂ ಸೆಟ್ಟಿನ ದೋಷವಲ್ಲ. ಡಿಜಿಟಲ್ ಪ್ರಸಾರದಲ್ಲಿ ಧ್ವನಿಯನ್ನು ಅಡಕಗೊಳಿಸಿ, ಹೆಣೆದು, ಕಳುಹಿಸಿ, ಮತ್ತೆ ಬಿಡಿಸಲು ಕಾಲ ಹಿಡಿಯುತ್ತದೆ. ಈ ಕಾರಣದಿಂದಲೇ ಗಂಟೆಗೊಮ್ಮೆ ಕೇಳಿಬರುವ ಬಿಬಿಸಿಯ ಸಮಯಸೂಚಕ ಬೀಪ್‌ಗಳೂ ಡಿಎಬಿಯಲ್ಲಿ ತಡವಾಗಿ ಬರುತ್ತವೆ. ಗಡಿಯಾರ ಹೊಂದಿಸಲು ಅವುಗಳನ್ನು ನಂಬಬೇಡಿ, ರೇಡಿಯೊದ ಪರದೆಯ ಮೇಲಿನ ಸಮಯವನ್ನೇ ನೋಡಿ. ಎರಡು ಬೇರೆ ಬೇರೆ ಡಿಎಬಿ ಸೆಟ್ಟುಗಳ ನಡುವೆಯೂ ಚೂರು ಅಂತರ ಬರಬಹುದು. ಮನೆಯ ಎರಡು ಕಡೆ ಒಂದೇ ಕಾರ್ಯಕ್ರಮ ಒಟ್ಟಿಗೆ ಕೇಳಿಸಬೇಕಾದರೆ ಎರಡನ್ನೂ ಎಫ್ಎಂಗೆ ಹಾಕಿ. ಎಫ್ಎಂ ಪ್ರಸಾರವನ್ನು ಕನಿಷ್ಠ 2030ರವರೆಗೆ ಉಳಿಸಿಕೊಳ್ಳುವುದಾಗಿ ಇಲ್ಲಿನ ಸರ್ಕಾರ ಹೇಳಿರುವುದರಿಂದ ಹಳೆಯ ಸೆಟ್ಟನ್ನು ಎಸೆಯುವ ಅಗತ್ಯವಿಲ್ಲ. ನಾರ್ವೆಯಲ್ಲಿ 2017ರಲ್ಲಿ ದೇಶವ್ಯಾಪಿ ಎಫ್ಎಂ ನಿಲ್ಲಿಸಿದಂತೆ ಇಲ್ಲಿ ಇನ್ನೂ ಆಗಿಲ್ಲ.

ದೀಪಗಳ ವಿಷಯ: ಅಗ್ಗದ ಎಲ್‌ಇಡಿ ದೀಪಗಳ ವಿದ್ಯುತ್ ಪೂರೈಕೆಯ ಡಬ್ಬಿ ಡಿಎಬಿ ಪಟ್ಟಿಯವರೆಗೂ ಗದ್ದಲ ಹರಡುತ್ತದೆ. ರೇಡಿಯೊವನ್ನು ಪ್ಲಗ್ಗಿನಿಂದ ತೆಗೆದು ಬ್ಯಾಟರಿಯಲ್ಲಿ ಹಾಕಿ ನೋಡಿ. ಗುಳುಗುಳು ನಿಂತರೆ ಗದ್ದಲ ವಿದ್ಯುತ್ ತಂತಿಯ ಮೂಲಕ ಬರುತ್ತಿದೆ ಎಂದರ್ಥ. ಬೇರೊಂದು ಸಾಕೆಟ್ಟಿಗೆ ಬದಲಿಸಿ. ನಿಲ್ಲದಿದ್ದರೆ ಗದ್ದಲ ಗಾಳಿಯ ಮೂಲಕವೇ ಆಂಟೆನಾಗೆ ತಾಗುತ್ತಿದೆ. ಸೆಟ್ಟನ್ನು ದೀಪದಿಂದ ದೂರ ಸರಿಸಿ, ಅದೂ ಸಾಲದಿದ್ದರೆ ಒಳ್ಳೆಯ ಗುಣಮಟ್ಟದ ದೀಪಗಳನ್ನು ಹಾಕಿಸಿ. ಮೈಕ್ರೋವೇವ್ ಒಲೆಯಿಂದ ಡಿಎಬಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಬ್ಲೂಟೂತ್ ಬಳಸುವಾಗ ಅದು ಅಡ್ಡಿಯಾಗಬಹುದು, ಏಕೆಂದರೆ ಅವೆರಡೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿವೆ.

ಮೈಸೂರಿನ ಬಾನುಲಿ ಕೇಳುಗ

ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪನ್ನು ಮನೆಯವರ ಯಾವುದಾದರೂ ಹಳೆಯ ಫೋನಿನಲ್ಲಿ ಹಾಕಿ, ಬ್ಲೂಟೂತ್ ಮೂಲಕ ರೇಡಿಯೊಗೆ ಜೋಡಿಸಿ ಅಲ್ಲಿಯೇ ಬಿಟ್ಟುಬಿಡಿ. ಕನ್ನಡ ನಿಲಯಗಳ ನೇರ ಪ್ರಸಾರ ಅದರಲ್ಲಿ ಸಿಗುತ್ತದೆ. ಬ್ರಿಟನ್ನಿನ ಬೇಸಿಗೆಯ ಸಮಯ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದ್ದು ಐದೂವರೆ ಗಂಟೆ ಹಿಂದೆ ಇರುತ್ತದೆ. ನಮ್ಮ ಸಂಜೆ 7.30ರ ಸಂಗೀತ ಅವರಿಗೆ ಈಗ ಮಧ್ಯಾಹ್ನ 3 ಗಂಟೆಗೆ, ಗಡಿಯಾರ ಬದಲಾದ ಮೇಲೆ 2 ಗಂಟೆಗೆ ಕೇಳಿಸುತ್ತದೆ.

ಊರಿಗೆ ಹೊರಡುವಾಗ ಅಡಾಪ್ಟರಿನ ಪಿನ್ ಬೇರೆ ಎಂಬುದನ್ನು ಮರೆಯಬೇಡಿ. ವೋಲ್ಟೇಜ್ ಎರಡೂ ಕಡೆ 230 ಇರುವುದರಿಂದ ಪಿನ್ ಬದಲಿಸುವ ಸಣ್ಣ ಪ್ಲಗ್ ಸಾಕು. ರೇಡಿಯೊಗೆಂದು ಬಿಡಿಯಾಗಿ ಲಿಥಿಯಂ ಬ್ಯಾಟರಿ ಕೊಂಡಿದ್ದರೆ ಅದನ್ನು ಚೆಕ್‌ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ, ಅತ್ತೆಯವರ ಕೈಚೀಲದಲ್ಲಿಯೇ ಇಟ್ಟು ಕಳುಹಿಸಿ.